ಮುಟ್ಟಿದರೂ ಕೆಡದ ಲೋಹ

ಅವರು ಯಾರಿಗೂ ಕೈ ಕೊಡುತ್ತಿರಲಿಲ್ಲ. ಶಿಗ್ಗಾಂವಿಯ ನಮ್ಮ ಡಿಪ್ಲೊಮಾ ಕಾಲೇಜಿಗೆ ಬಂದ ಮೊದಲ ದಿನ ಪ್ರಿನ್ಸಿಪಾಲರು ನಗುತ್ತ ಕೈ ಚಾಚಿದರೆ, ಇವರು ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು ತಲೆಯನ್ನಷ್ಟೇ ಬಾಗಿಸಿದರು. ಸ್ಟಾಫ್ ರೂಮಿನಲ್ಲಿ ಅವತ್ತೇ ತೀರ್ಮಾನವಾಗಿಹೋಯಿತು. ಸವಣೂರಿನ ವೈಷ್ಣವರ ಮನೆತನ, ಅಜ್ಜ ಮುತ್ತಜ್ಜ ಎಲ್ಲ ಪಂಡಿತರು, ಇವರದೂ ಮಡಿ ಜೋರಿದೆ ಎಂದು. ಸಂಜೆಯೊಳಗೆ ‘ಮಡಿ ಸರ್’ ಎಂಬ ಹೆಸರು ಬಿತ್ತು. ಹೆಸರಿಟ್ಟವನು ನಾನೇ. ಮಾಸೂರಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿ ಗಣಿತ ಕಲಿಸುವವನಿಗೆ ಅಷ್ಟು ಚೇಷ್ಟೆ ಮಾಡುವ ಹಕ್ಕಿದೆ ಎಂದು ಇವತ್ತಿಗೂ ತಿಳಿದಿದ್ದೇನೆ.

ಸರ್ ಹೋಗಿ ಒಂದು ಮಳೆಗಾಲ ಕಳೆಯಿತು. ಸವಣೂರಿನ ಬಸ್ಸಿಗೆ ಕಾಯುತ್ತ ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದವರು ಕೂತಲ್ಲೇ ಹೋದರು. ಕಾಲೇಜಿನಲ್ಲಿ ಸಂತಾಪ ಸಭೆ ಮಾಡಿದೆವು. ಶಿಸ್ತಿನ ಮನುಷ್ಯ ಅಂದರು, ಸಮಯಪಾಲನೆಗೆ ಹೆಸರಾದವರು ಅಂದರು. ಸರ್ ಒಂದು ದಿನವೂ ಗಂಟೆಗೆ ಸರಿಯಾಗಿ ಪಾಠಕ್ಕೆ ಹೋದವರಲ್ಲ. ಹುಡುಗರೇ ಅವರ ಕುಲುಮೆಯ ಶೆಡ್ಡಿಗೆ ಹೋಗಿ ಎಬ್ಬಿಸಿಕೊಂಡು ಬರುತ್ತಿದ್ದರು. ಸತ್ತವರ ಮೇಲೆ ಯಾರದೋ ಅಂಗಿ ತೊಡಿಸಿ ಕೂರಿಸುವುದನ್ನು ನೋಡಿ ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಮಡಿ ಅವರದಲ್ಲ, ಅವರ ಲೋಹದ್ದು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಮನೆಯಲ್ಲಂತೂ ಅವರು ಚಪ್ಪಲಿ ಮೆಟ್ಟಿಕೊಂಡೇ ಅಡುಗೆಮನೆಗೆ ನುಗ್ಗುವ ಪೈಕಿ. ಒಮ್ಮೆ ನಾನು ಊಟಕ್ಕೆ ಹೋಗಿದ್ದಾಗ ಅವರ ಹೆಂಡತಿ ಚಪಾತಿ ಬಡಿಸುತ್ತ, “ಜನಿವಾರ ಎಲ್ಲಿ ಬಿಚ್ಚಿ ಒಗದಾರಂತ ಕೇಳ್ರಿ ನಿಮ್ಮ ಮಡಿ ಸರ್‌ಗೆ” ಎಂದರು. ಅಡ್ಡಹೆಸರು ಸವಣೂರಿನ ತನಕ ಮುಟ್ಟಿತ್ತು. ಸರ್ ಮಾತ್ರ ಸಾರು ಸುರಿದುಕೊಳ್ಳುತ್ತ, “ಹೆಸರು ಛಲೋ ಅದ, ಇರ್ಲಿ ಬಿಡು” ಎಂದರು.

ದೂರದ ಊರೊಂದರ ದೊಡ್ಡ ಲೋಹ ಸಂಶೋಧನಾಲಯದಲ್ಲಿ ವಯಸ್ಸೆಲ್ಲ ಕಳೆದು ಬಂದವರು ಅವರು. ಅಲ್ಲಿ ಅವರಿಗಿದ್ದದ್ದು ಒಂದೇ ಕೆಲಸ, ಟೈಟಾನಿಯಮ್ಮನ್ನು ಅಗ್ಗ ಮಾಡುವುದು. ಅದು ಅಪರೂಪದ ವಸ್ತುವೇನಲ್ಲ. ಕೇರಳದ ಕಡಲ ಮರಳಿನಲ್ಲಿದೆ, ನಮ್ಮ ಕೆಂಪು ಮಣ್ಣಿನಲ್ಲೂ ಚೂರುಪಾರು ಇದೆ. ಉಕ್ಕಿನಷ್ಟು ಗಟ್ಟಿ, ಉಕ್ಕಿಗಿಂತ ಎಷ್ಟೋ ಹಗುರ, ತುಕ್ಕು ಹಿಡಿಯುವ ಮಾತೇ ಇಲ್ಲ. ಆದರೆ ಅದಿರಿನಿಂದ ಬಿಡಿಸಲು ಕ್ಲೋರಿನ್ ಬೇಕು, ಮೆಗ್ನೀಷಿಯಂ ಬೇಕು, ದಿನಗಟ್ಟಲೆ ಕಾಯಬೇಕು. ಅಷ್ಟಾದ ಮೇಲೆ ಸಿಗುವುದು ಸ್ಪಂಜಿನಂಥ ಗಡ್ಡೆ. ಅದನ್ನು ಗಾಳಿಯೇ ಇಲ್ಲದ ಕುಲುಮೆಯಲ್ಲಿ ಮತ್ತೆ ಮತ್ತೆ ಕರಗಿಸಬೇಕು. ಆಮೇಲೆ ಆ ಗಟ್ಟಿಯನ್ನು ಕೊರೆದು ಕಡಿದು ಸಾಮಾನು ಮಾಡುವಾಗ ಬಹುಪಾಲು ಚೂರಾಗಿ ನೆಲಕ್ಕೆ ಬೀಳುತ್ತದೆ.

“ಹಿಟ್ಟು ನಾದಿ ಒಂದು ಗ್ವಾಡಿ ಕಟ್ಟಿ, ಆ ಗ್ವಾಡಿ ಕೆತ್ತಿ ಒಂದು ಚಪಾತಿ ತಗದ್ರ ಆ ಚಪಾತಿ ತುಟ್ಟಿ ಆಗದ ಇನ್ನೇನಾಗ್ತದ?” ಎಂದು ಕ್ಲಾಸಿನಲ್ಲಿ ಕೇಳುತ್ತಿದ್ದರು. ಹುಡುಗರು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ, ಉತ್ತರಕ್ಕೆ ನಿಜವಾಗಿಯೂ ಕಾಯುತ್ತಿದ್ದರು.

ಅವರ ದಾರಿ ಕರಗಿಸದೇ ಮಾಡುವುದು. ಕಾರ್ಖಾನೆಗಳಲ್ಲಿ ಕಸವಾಗಿ ಬೀಳುವ ಟೈಟಾನಿಯಂ ಚೂರುಗಳನ್ನು ತರಿಸುತ್ತಿದ್ದರು. ಅವಕ್ಕೆ ಹೈಡ್ರೋಜನ್ ಕುಡಿಸಿದರೆ ಹಪ್ಪಳದಂತೆ ಪುಡಿಯಾಗುತ್ತವೆ. ಆ ಪುಡಿಯನ್ನು ಅಚ್ಚಿನಲ್ಲಿ ಹಾಕಿ, ಶೇಂಗಾ ಉಂಡಿ ಕಟ್ಟಿದಂತೆ ಒತ್ತಿ, ಬೇಕಾದ ಆಕಾರಕ್ಕೇ ತಂದು ಕುಲುಮೆಯಲ್ಲಿ ಕಾಯಿಸಿದರೆ ಕಾಳಿಗೆ ಕಾಳು ಬೆಸೆದುಕೊಳ್ಳುತ್ತದೆ. ಸಂಶೋಧನಾಲಯದವರು ಇದನ್ನು ಕೇಳಿ, ನೋಡಿ, ಮೆಚ್ಚಿ, ಕಡೆಗೆ ಫೈಲು ಮುಚ್ಚಿದ್ದರು. ವಿಮಾನದ ಬಿಡಿಭಾಗ ಮಾಡುವಷ್ಟು ನಂಬಿಕೆಯದ್ದಲ್ಲ ಎಂಬುದು ಅವರ ಕಾರಣ. “ವಿಮಾನಕ್ಕ ಬ್ಯಾಡಂದ್ರ ಬ್ಯಾಡ, ನೆಲದ ಮ್ಯಾಲೂ ಜನ ಅದಾರ” ಎಂದು ಇವರು ಕೆಲಸ ಬಿಟ್ಟು ಸವಣೂರಿಗೆ ಬಂದರು. ನಮ್ಮ ಕಾಲೇಜಿನ ಹಳೆಯ ಸೈಕಲ್ ಸ್ಟ್ಯಾಂಡಿಗೆ ತಗಡು ಹೊಡೆಸಿ, ಎಲ್ಲಿಯೋ ಗುಜರಿಗೆ ಬಿದ್ದಿದ್ದ ಕುಲುಮೆಯೊಂದನ್ನು ಲಾರಿಯಲ್ಲಿ ತರಿಸಿ ಇಟ್ಟರು.

ಆ ಶೆಡ್ಡಿನೊಳಗೆ ನೋಡಬೇಕಿತ್ತು ಮಡಿಯನ್ನು. ಬಿಳಿಯ ಕೈಗವಸು, ಬಿಳಿಯ ಬಟ್ಟೆ, ಒಳಗೆ ಬರುವವರು ಕಾಲು ತೊಳೆದೇ ಬರಬೇಕು. ಚಹಾ ಹೊರಗೆ. ಬಜಿ ತಿಂದ ಕೈಯವರು ಇನ್ನೂ ಹೊರಗೆ.

“ಈ ಲೋಹಕ್ಕ ಹಸಿವಿ ಭಾಳರೀ,” ಎಂದು ನನಗೆ ವಿವರಿಸಿದ್ದರು. “ಕಾಯೂವಾಗ ಗಾಳಿ ಸಿಕ್ರ ಗಾಳಿ ನುಂಗ್ತದ. ಎಣ್ಣಿ ಸಿಕ್ರ ಎಣ್ಣಿ. ನಿಮ್ಮ ಬೆರಳಿನ ಬೆವರು ಹತ್ತಿದ್ರ ಅದನ್ನೂ ಬಿಡೂದಿಲ್ಲ. ನುಂಗಿದ ಮ್ಯಾಲ ಗಾಜಿನ್ಹಂಗ ಮುರೀತದ. ಇಷ್ಟ ವರ್ಷ ಇದರ ಜೋಡಿ ಬಾಳೇವು ಮಾಡಿ, ಮಂದಿ ಕೈ ಹಿಡಿಯೋದ ಮರತು ಹೋಗೇದ ನನಗ.”

ಖಂಡೆನವಮಿಯ ದಿನ ಹುಡುಗರು ಅರಿಷಿಣ ಕುಂಕುಮದ ತಟ್ಟೆ ಹಿಡಿದು ಕುಲುಮೆಯ ಪೂಜೆಗೆ ಬಂದರು. ನಮ್ಮ ಕಡೆ ಅವತ್ತು ಕುಡಗೋಲಿನಿಂದ ಹಿಡಿದು ಬೈಕಿನ ತನಕ ಎಲ್ಲಕ್ಕೂ ಕುಂಕುಮ ಬೀಳಲೇಬೇಕು. ಸರ್ ಬಾಗಿಲಿಗೆ ಅಡ್ಡ ನಿಂತರು. ಹುಡುಗರ ಮುಖ ಸಣ್ಣದಾಯಿತು. ಆಗ ಅವರೇ ತಲೆ ಬಗ್ಗಿಸಿ, “ಒಲೀಗೆ ಬ್ಯಾಡ್ರಪಾ, ನನಗ ಹಚ್ರಿ, ನಾನೂ ಆಯುಧಾನ” ಎಂದರು. ಹುಡುಗರು ಬಿಟ್ಟಾರೆಯೇ? ಹಣೆ, ಕೆನ್ನೆ, ಕಿವಿ ಎಲ್ಲಕ್ಕೂ ಮೆತ್ತಿ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ ಕಳಿಸಿದರು. ಹಾಗೆಯೇ ಬಸ್ ಹತ್ತಿ ಸವಣೂರಿಗೆ ಹೋದರು ಮಹಾರಾಯರು.

ಸರ್ ಬದುಕಿನಲ್ಲಿ ಗಂಗವ್ವ ಬಂದದ್ದು ನನ್ನ ಮೂಲಕ. ನನ್ನ ಅಕ್ಕನನ್ನು ಹಾನಗಲ್ ತಾಲೂಕಿನ ತಿಳವಳ್ಳಿಗೆ ಕೊಟ್ಟಿದೆ. ಅಕ್ಕನ ಗದ್ದೆಯಲ್ಲಿ ನಾಟಿ ಹಚ್ಚುವ ಹೆಂಗಸರಲ್ಲಿ ಗಂಗವ್ವ ಒಬ್ಬಳು. ಗೋವಿನಜೋಳ ಒಕ್ಕುವ ಮಷೀನಿಗೆ ಸೆರಗು ಸಿಕ್ಕಿ, ಸೆರಗಿನ ಹಿಂದೆ ಕಾಲೂ ಹೋಗಿ, ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಹುಬ್ಬಳ್ಳಿಯಲ್ಲಿ ಕೃತಕ ಕಾಲು ಕೂಡಿಸುವವರು ಅವಳಿಗೆ ಉಕ್ಕಿನ ಹರಡಿನ ಕಾಲು ಕೊಟ್ಟಿದ್ದರು. ಹರಡು ಅಂದರೆ ಪಾದವನ್ನೂ ಕಣಕಾಲನ್ನೂ ಕೂಡಿಸುವ ಕೀಲು. ಟೈಟಾನಿಯಂ ಕೀಲೂ ಅಲ್ಲಿತ್ತು. ಅದರ ಬೆಲೆ ಕೇಳಿ ಎದ್ದು ಬಂದಿದ್ದಳು. ಉಕ್ಕಿನದು ಭಾರ, ಗದ್ದೆಯ ಕೆಸರಿನಲ್ಲಿ ಹೂತರೆ ಕೀಳಲು ಬರುತ್ತಿರಲಿಲ್ಲ, ನೀರು ಕುಡಿದು ತುಕ್ಕು ಹಿಡಿದು ಕಿರ್ ಕಿರ್ ಎನ್ನುತ್ತಿತ್ತು. ಉಳಿದವರು ಸಾಲಿನಲ್ಲಿ ಹಾಡುತ್ತ ನಾಟಿ ಹಚ್ಚುವಾಗ ಅವಳು ಬದುವಿನ ಮೇಲೆ ಕೂತು ಸಸಿಯ ಸಿವುಡು ಕಟ್ಟಿ ಎಸೆಯುತ್ತಿದ್ದಳು.

ಅಕ್ಕನ ಮನೆಗೆ ಸರ್ ಅವರನ್ನು ಒಮ್ಮೆ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಅಂಗಳದಲ್ಲಿ ಗಂಗವ್ವ ಹೆಜ್ಜೆ ಹಾಕುವ ಸದ್ದು ಕೇಳಿ ಅವರು ಊಟದ ಮಾತನ್ನೇ ಮರೆತರು. ಯಾರಿಗೂ ಕೈ ಕೊಡದ ಮನುಷ್ಯ ಅವಳೆದುರು ನೆಲದ ಮೇಲೆ ಕೂತು, ಕೆಸರು ಮೆತ್ತಿದ ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಹರಡನ್ನು ಅತ್ತಿತ್ತ ತಿರುಗಿಸಿ ನೋಡಿದರು. ಗಂಗವ್ವ ನಾಚಿ ಗೋಡೆ ಹಿಡಿದುಕೊಂಡಳು.

“ನಿನಗ ಏನ ಆಗಬೇಕವಾ?” ಎಂದು ಕೇಳಿದರು.

“ಗದ್ದ್ಯಾಗ ಇಳೀಬೇಕ್ರಿ,” ಎಂದಳು. “ದಂಡ್ಯಾಗ ಕುಂತು ಕುಂತು ನನ್ನ ಹಾಡ ಮರ್ತೋಗ್ಯಾವ್ರಿ.”

“ನಾ ಮಾಡಿ ಕೊಡ್ತೇನಿ. ಮುಂದಿನ ನಾಟಿಗೆ ನೀ ಸಾಲಿನ್ಯಾಗ ಇರ್ತಿ.”

ಮಾತು ಕೊಡುವುದು ಸುಲಭ. ಕೀಲುಗಳು ಒಂದಾದ ಮೇಲೊಂದು ಮುರಿದವು. ಕಾಲೇಜಿನ ವೈಸಿಗೆ, ಅಂದರೆ ಮೇಜಿಗೆ ಕೂಡಿಸಿದ ಕಬ್ಬಿಣದ ಇಕ್ಕಳಕ್ಕೆ, ಸಿಕ್ಕಿಸಿ ಬಗ್ಗಿಸುವುದೇ ಅವರ ಮೊದಲ ಪರೀಕ್ಷೆ. ಒಳ್ಳೆಯದಾದರೆ ಬಾಗಬೇಕು, ಕೆಟ್ಟದ್ದಾದರೆ ಚಿಕ್ಕಿಯಂತೆ ಪಟ್ ಎನ್ನುತ್ತದೆ. ಪಟ್ ಎಂದಾಗಲೆಲ್ಲ ಸರ್ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಯಾರು ಕೈಗವಸು ಇಲ್ಲದೆ ಮುಟ್ಟಿದರು, ಬಟ್ಟೆ ಎಲ್ಲಿ ಒಣಗಿಸಿದ್ದರು ಎಂದು ವಿಚಾರಣೆ ಶುರು. ಮಡಿ ಹೆಚ್ಚಾದಷ್ಟೂ ಕೀಲುಗಳು ಬಾಗತೊಡಗಿದವು. ಕಡೆಗೆ ಒಂದು ಕೀಲು ಎಷ್ಟು ಬಗ್ಗಿಸಿದರೂ ಮುರಿಯದೆ ಬಾಗಿತು. ಅಂಥದ್ದೇ ಇನ್ನೊಂದನ್ನು ಒತ್ತಿ, ಕಾಯಿಸಿ, ತೊಳೆದು ಇಟ್ಟಾಯಿತು, ಅದನ್ನು ಕಾಲಿನ ಟೈಟಾನಿಯಂ ಕೊಳವೆಗೆ ಬೆಸೆಯುವುದೊಂದು ಬಾಕಿ ಉಳಿಯಿತು. ಅಳತೆ ನೋಡಲು ಗಂಗವ್ವನನ್ನು ಕರೆಸಿದರು.

ಅವಳು ಇಳಕಲ್ಲ ಸೀರೆ ಉಟ್ಟು, ಹಾನಗಲ್ಲಿನಲ್ಲಿ ಬಸ್ ಬದಲಿಸಿ, ಹೊತ್ತಿಗೆ ಮೊದಲೇ ಬಂದಳು. ಕಾಲು ತೊಳೆದುಕೊಂಡು ಒಳಗೆ ಬಂದಳು. ಬಿಳಿಯ ಬಟ್ಟೆಯ ಮೇಲೆ ಅವಳ ಹರಡು ಕೂತಿತ್ತು. ಯಾರ ಕಾಲಿಗೆ ಅದು ಕೂಡಬೇಕೋ ಅವಳು ಅದನ್ನು ಕೈಗೆ ತೆಗೆದುಕೊಳ್ಳದೇ ಇರುತ್ತಾಳೆಯೇ? ಎತ್ತಿಕೊಂಡಳು, ಅಂಗೈಯಲ್ಲಿ ತೂಗಿ ನೋಡಿದಳು, ಅದರ ಹಗುರಕ್ಕೆ ಅವಳ ಮುಖ ಅರಳಿತು.

ಸರ್ ಒಂದೇ ಹೆಜ್ಜೆಗೆ ಬಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡರು. ಮೇಜಿನ ಹತ್ತಿರ ಹೋಗಿ ಸ್ಪಿರಿಟ್ ಸುರಿದು ತೊಳೆದರು. ಬಟ್ಟೆಯಿಂದ ಒರೆಸಿದರು. ಮತ್ತೆ ತೊಳೆದರು, ಮತ್ತೆ ಒರೆಸಿದರು. ಅವಳ ಕಡೆ ನೋಡಲೇ ಇಲ್ಲ. ನಾನು ನೋಡಿದೆ. ಗಂಗವ್ವ ಅದನ್ನು ಹಿಡಿದಿದ್ದ ಕೈಯನ್ನು ನಿಧಾನಕ್ಕೆ ಸೆರಗಿನೊಳಗೆ ಮುಚ್ಚಿಕೊಂಡಳು.

ಏನಾದರೂ ಅನ್ನಬೇಕು ಎಂದುಕೊಳ್ಳುವಷ್ಟರಲ್ಲಿ ಸರ್ ಮುಖಕ್ಕೆ ಕಪ್ಪು ಗಾಜು ಇಳಿಸಿಕೊಂಡಿದ್ದರು. ಬೆಸುಗೆ ಹಾಕುವಾಗ ಗಾಳಿ ತಾಗದಂತೆ ಆರ್ಗಾನ್ ಅನಿಲ ಬಿಡುತ್ತ ಇರಬೇಕು. ನಳಿಗೆ ಹಿಡಿಯಲು ನನಗೇ ಹೇಳಿದರು. ಬೆಸುಗೆ ನೀಲಿ ಬಂದರೆ ಗಾಳಿ ನುಂಗಿದೆ ಎಂದು ಅರ್ಥ, ಬೆಳ್ಳಿಯಂತೆ ಹೊಳೆದರೆ ಗೆದ್ದ ಹಾಗೆ. ಹೊಳೆಯಿತು. ಸುತ್ತಲೂ ಒಂದೇ ಸಮ ಹೊಳೆಯಿತು. ಸರ್ ಗಾಜು ಎತ್ತಿ, “ಗಂಗವ್ವ, ಬೆಳ್ಳಿ ಬಂತು ನೋಡ ಬಾ” ಎಂದು ಕೂಗಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ.

“ಬಸ್ಸಿನ ವ್ಯಾಳ್ಯಾ ಆಗಿತ್ತೇನೋ” ಎಂದರು. ಖರೇನೇ ಹಾಗೆ ತಿಳಿದಿದ್ದರು. ನನಗೆ ತಡೆಯಲಾಗಲಿಲ್ಲ.

“ಬಸ್ಸಲ್ರೀ ಸರ್. ಆಕಿ ಮುಟ್ಟಿದ್ದನ್ನ ಆಕಿ ಮುಂದ ತೊಳದ್ರಿ ನೀವು. ನಿಮ್ಮ ಮನಿ ಅಂಗಳದಾಗ, ನಮ್ಮ ಮನಿ ಅಂಗಳದಾಗೂ, ಆಕಿ ಕೇರಿ ಮಂದಿ ಮುಟ್ಟಿದ್ದನ್ನ ಹಿಂಗ ತೊಳೀತಿದ್ರು.”

ಅವರು ಸ್ಟೂಲಿನ ಮೇಲೆ ಕೂತರು. ಸವಣೂರಿನ ಮನೆಯಲ್ಲಿ ಅವರು ಸಣ್ಣವರಿದ್ದಾಗ, ಹೊಲ ಮಾಡುತ್ತಿದ್ದ ಆಳೊಬ್ಬ ಬಾವಿಗೆ ಬಿದ್ದಿದ್ದ ತಾಮ್ರದ ಕೊಡವನ್ನು ಮುಳುಗಿ ತೆಗೆದುಕೊಟ್ಟನಂತೆ. ಅಪ್ಪ ಆ ಕೊಡವನ್ನು ಅವನೆದುರಿಗೇ ಹುಣಸೆಹಣ್ಣು ಹಚ್ಚಿ ತಿಕ್ಕಿಸಿದರಂತೆ. “ಆ ಮನಷ್ಯಾ ಮೈತುಂಬ ನೀರು ಸುರಿಸಿಕೋತ ನಿಂತು ನೋಡ್ತಿದ್ದ. ಅವತ್ತ ಬಿಟ್ಟೆ ನಾ ಎಲ್ಲಾ. ಬಿಟ್ಟೇನಿ ಅಂತ ತಿಳಕೊಂಡಿದ್ದೆ.” ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನವೇ ಕಾಲನ್ನು ಹೊತ್ತುಕೊಂಡು ಇಬ್ಬರೂ ತಿಳವಳ್ಳಿಗೆ ಹೋದೆವು. ಗಂಗವ್ವ ಚಾಪೆ ಹಾಸಿ, ಚಹಾ ಕೊಟ್ಟು, ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಸರ್ ಬೆವರಿನ ಕತೆ, ಉಪ್ಪಿನ ಕತೆ ಎಲ್ಲ ಹೇಳಿದರು. ಪ್ರಿನ್ಸಿಪಾಲರ ಕೈಯನ್ನೂ ಮುಟ್ಟುವುದಿಲ್ಲ ಎಂದರು. ತಪ್ಪಾಯಿತು ಎಂದು ಕೈ ಮುಗಿದರು. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದಳು.

“ನೀವು ಹೇಳೋದು ತಿಳೀತೈತ್ರಿ,” ಎಂದಳು. “ಕಬ್ಬಣದ ಸಲುವಾಗಿ ತೊಳದೀರಿ, ನನ್ನ ಸಲುವಾಗಿ ಅಲ್ಲ. ನನ್ನ ತಲೀಗೆ ತಿಳೀತೈತಿ. ಈ ಕೈಗೆ ತಿಳಿವಲ್ದರಿ. ಆ ಕಾಲ ಹಾಕ್ಕೊಂಡು ಗದ್ದೀಗೆ ಇಳದ್ರ ಹೆಜ್ಜಿ ಹೆಜ್ಜಿಗೂ ನೆನಪಾಗತೈತಿ. ಒಯ್ರಿ ಅದನ್ನ.”

ವಾಪಸ್ ಬರುವಾಗ ಬಸ್ಸಿನಲ್ಲಿ ಸರ್ ಕಾಲನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದರು, ಜನ ತಿರುಗಿ ತಿರುಗಿ ನೋಡುತ್ತಿದ್ದರು. ಹಾನಗಲ್ ದಾಟಿದ ಮೇಲೆ, “ಆಕಿ ಖರೇ ಹೇಳಿದ್ಲು” ಎಂದರು. ಶಿಗ್ಗಾಂವಿ ಹತ್ತಿರ ಬಂದಾಗ ಮತ್ತೆ, “ಮುಟ್ಟಿದ್ರೂ ಕೆಡಬಾರದು, ಅಂಥಾದ್ದು ಮಾಡಬೇಕು” ಎಂದರು.

ನಾನು ಜಗಳಕ್ಕೆ ನಿಂತೆ. ಹೆಂಗಸಿನ ಮನಸ್ಸು ನೊಂದರೆ ಅದಕ್ಕೆ ಕುಲುಮೆಯಲ್ಲಿ ಔಷಧ ಹುಡುಕುವುದು ಎಂಥ ಹುಚ್ಚು? “ಆಕಿಗೆ ಬೇಕಾಗಿದ್ದು ಅದಲ್ರೀ ಸರ್” ಎಂದೆ.

“ಇರಬಹುದು,” ಎಂದರು. “ನನಗ ಬರೋದು ಇಷ್ಟ.”

ಆಮೇಲೆ ಇನ್ನೊಂದು ಮಾತು ಹೇಳಿದರು. ಅದನ್ನು ನಾನು ಈಗ ನನ್ನ ಹುಡುಗರಿಗೂ ಹೇಳುತ್ತಿರುತ್ತೇನೆ. “ಇಷ್ಟ ವರ್ಷ ಟೈಟಾನಿಯಂ ಯಾಕ ತುಟ್ಟಿ ಅಂತ ಹುಡುಕಿದೆ. ಅದರ ಮಡೀನ ತುಟ್ಟಿ. ಆ ಗಾಳಿ ಇಲ್ಲದ ಖೋಲಿ, ಆ ಶುದ್ಧ ಪುಡಿ, ಆ ಆರ್ಗಾನು, ಎಲ್ಲಾ ಮಡಿ ಖರ್ಚು. ಮಡಿ ಬಿಡಿಸಿದ್ರ ಅದು ಎಲ್ಲಾರ ಮನೀಗೂ ಬರ್ತದ. ಇದು ಇಷ್ಟ ದಿನಾ ನನಗ ಹೊಳೀಲಿಲ್ಲ ನೋಡ್ರಿ.”

ಶೆಡ್ಡಿನಲ್ಲಿ ಎಲ್ಲ ತಿರುಗುಮುರುಗಾಯಿತು. ಅಪರೂಪದ ಖನಿಜದ ಪುಡಿಯೊಂದನ್ನು ತರಿಸಿದರು. ಟೈಟಾನಿಯಂ ಪುಡಿಗೆ ಅದನ್ನು ಚಿಟಿಕೆಯಷ್ಟು ಬೆರೆಸಿದರೆ, ಕಾಯುವಾಗ ಗಾಳಿಯನ್ನೂ ಉಪ್ಪನ್ನೂ ಅದೇ ಹಿಡಿದಿಟ್ಟುಕೊಂಡು ಲೋಹವನ್ನು ಉಳಿಸಬೇಕು ಎಂಬುದು ಲೆಕ್ಕ. ಕೈಗವಸುಗಳು ಮೂಲೆ ಸೇರಿದವು. ಕುಲುಮೆಗೆ ಇಡುವ ಮೊದಲು ಒಂದೊಂದು ತುಂಡನ್ನೂ ಬರಿಗೈಯಲ್ಲಿ ಹಿಡಿಯಲು ಎಲ್ಲರನ್ನೂ ಕರೆದರು. ಬಜಿ ಕರಿಯುತ್ತಿದ್ದ ಕ್ಯಾಂಟೀನಿನ ಹೆಂಗಸು ಬಂದಳು, ಕಾವಲುಗಾರ ಬಂದ, ಕ್ರಿಕೆಟ್ ಆಡಿ ಬೆವರಿಳಿಸುತ್ತ ಹುಡುಗರು ಬಂದರು. “ಛಲೋತ್ನಂಗೆ ಹಿಡೀರಿ, ಹೊಲಸು ಮಾಡ್ರಿ” ಎಂದು ಸರ್ ಹಿಂದೆ ನಿಂತು ಹುರಿದುಂಬಿಸುತ್ತಿದ್ದರು. ಆ ದಿನಗಳಲ್ಲಿ ಕಾಲೇಜಿನಲ್ಲಿ ಅವರಷ್ಟು ಖುಷಿಯ ಮನುಷ್ಯ ಇನ್ನೊಬ್ಬ ಇರಲಿಲ್ಲ. ಆದರೆ ತುಂಡುಗಳು ಪಟ್ ಎನ್ನುವುದನ್ನು ನಿಲ್ಲಿಸಲಿಲ್ಲ. ಚಳಿಗಾಲವೆಲ್ಲ ಮುರಿದವು, ಬೇಸಿಗೆಯೆಲ್ಲ ಮುರಿದವು.

ಈ ನಡುವೆ ಅವರಿಗೆ ಏದುಸಿರು ಶುರುವಾಗಿತ್ತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದರು. ಡಾಕ್ಟರು ಮನೆಯಲ್ಲಿರಿ ಎಂದರಂತೆ. ಹೆಂಡತಿ ಫೋನ್ ಮಾಡಿ ನೀವಾದರೂ ಹೇಳಿ ಎಂದರು. ಹೇಳಿದೆ, ಬೈದೂ ಹೇಳಿದೆ. “ನಾಟಿ ಹತ್ರ ಬಂತು” ಎಂದಷ್ಟೇ ಉತ್ತರ ಬಂತು. ಮುಂಗಾರಿನ ಮೊದಲ ಮಳೆಯಾದ ವಾರ, ಕುಲುಮೆಗೆ ಒಂದು ಸುತ್ತಿನ ತುಂಡುಗಳನ್ನು ತುಂಬಿ, ಕಾಯಿಸಿ, ಆರಲು ಬಿಟ್ಟು, ಬಸ್ ಸ್ಟ್ಯಾಂಡಿಗೆ ಹೋದರು. ಅಲ್ಲಿ ಏನಾಯಿತೆಂದು ಆಗಲೇ ಹೇಳಿದ್ದೇನೆ.

ಅವರ ದಿನಕರ್ಮಗಳೆಲ್ಲ ಮುಗಿದ ಮೇಲೆ ಕುಲುಮೆ ತೆರೆದವನು ನಾನು. ವರ್ಕ್‌ಶಾಪಿನವನು ಮೊದಲ ತುಂಡನ್ನು ವೈಸಿಗೆ ಸಿಕ್ಕಿಸಿ ಎಳೆದ. ಅದು ಬಾಗಿತು. ಇನ್ನೊಂದು ಸಿಕ್ಕಿಸಿದ, ಅದೂ ಬಾಗಿತು. ಅಷ್ಟೂ ತುಂಡುಗಳು ಬಾಗಿದವು. ಬಜಿಯ ಎಣ್ಣೆ, ಹುಡುಗರ ಬೆವರು, ಕಾವಲುಗಾರನ ತಂಬಾಕು ಎಲ್ಲವನ್ನೂ ಅರಗಿಸಿಕೊಂಡು ಬಾಗಿದವು. ನಾನು ಗಣಿತದ ಮನುಷ್ಯ, ಇಂಥದ್ದಕ್ಕೆಲ್ಲ ಅಳುವವನಲ್ಲ. ಅವತ್ತು ಆ ವೈಸಿನ ಮುಂದೆ ನಿಂತು ಅತ್ತುಬಿಟ್ಟೆ. ಒಂದು ವಾರ ತಡೆದಿದ್ದರೆ ಅವರೇ ನೋಡುತ್ತಿದ್ದರಲ್ಲ ಎಂಬ ಸಂಕಟ ಈಗಲೂ ಹೋಗಿಲ್ಲ.

ಮುಂದಿನದನ್ನು ಹೇಳುವ ಮೊದಲು ಒಂದು ಮಾತು. ಆ ಹೊಸ ಲೋಹದ ಕಾಲು ಈಗ ಗಂಗವ್ವನಿಗಿದೆ. ಈ ಸಲದ ನಾಟಿಗೆ ಅವಳು ಕಡೆಯ ಗದ್ದೆಗಳಿಗೆ ಸಾಲಿನಲ್ಲಿ ಇಳಿದಳು, ಹಾಡಿದಳು ಎಂದು ಅಕ್ಕ ಹೇಳಿದಳು. ಅವರು ಬಿಟ್ಟು ಬಂದ ಸಂಶೋಧನಾಲಯದಿಂದ ಯಾರೋ ಬಂದು ಒಂದೆರಡು ತುಂಡು ಒಯ್ದಿದ್ದಾರೆ. ಏನು ಮಾಡುತ್ತಾರೋ ನೋಡೋಣ. ಕತೆ ಕೇಳಿದವರೆಲ್ಲ ಇಲ್ಲಿಗೆ ಸಮಾಧಾನಪಡುತ್ತಾರೆ. ನನಗೆ ಆ ಸಮಾಧಾನ ಸಾಲುವುದಿಲ್ಲ, ಅವಳು ಮತ್ತೆ ಶೆಡ್ಡಿಗೆ ಬಂದ ದಿನ ನಾನು ಅಲ್ಲಿದ್ದೆ.

ಅವಳ ಕೀಲಿನ ಹಸಿ ಅಚ್ಚನ್ನು ಒತ್ತಿಟ್ಟಿದ್ದೆವು. ಕುಲುಮೆಗೆ ಹೋಗುವ ಮೊದಲು ಅದನ್ನು ಅವಳೇ ಕೈಯಲ್ಲಿ ಹಿಡಿಯಬೇಕು ಎಂಬುದು ಸರ್ ಇದ್ದಾಗ ಆಡುತ್ತಿದ್ದ ಮಾತು. ಬರುತ್ತಾಳೋ ಇಲ್ಲವೋ ಎಂಬ ಅನುಮಾನದಲ್ಲೇ ಅಕ್ಕನ ಕೈಯಲ್ಲಿ ಹೇಳಿಕಳಿಸಿದ್ದೆ. ಸರ್ ಹೋದ ಸುದ್ದಿಯನ್ನೂ ಅಕ್ಕ ಹೇಳಿರುತ್ತಾಳೆ ಎಂದುಕೊಂಡಿದ್ದೆ. ಇಂಥ ಸುದ್ದಿ ತನ್ನ ಬಾಯಿಂದ ಬೇಡವೆಂದು ಅಕ್ಕ ಅದನ್ನು ಗಂಗವ್ವನಿಗೆ ಹೇಳಿರಲೇ ಇಲ್ಲ.

ಗಂಗವ್ವ ಉಕ್ಕಿನ ಕಾಲು ಎಳೆದುಕೊಂಡು ಬಂದಳು. ಮಳೆ ಜಿನುಗುತ್ತಿತ್ತು. ಸೆರಗಿನಲ್ಲಿ ಏನೋ ಗಂಟು ಕಟ್ಟಿಕೊಂಡಿದ್ದಳು, ಬಿಸಿ ರೊಟ್ಟಿಯ ವಾಸನೆ ಬರುತ್ತಿತ್ತು. ಬಾಗಿಲಲ್ಲೇ ನಿಂತು ಒಳಗೆಲ್ಲ ಕಣ್ಣಾಡಿಸಿದಳು.

“ಸರ್ ಎಲ್ಲಿ ಅದಾರ್ರಿ?” ಎಂದಳು.

ನಾನು ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಅವಳು ಅಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಧಾನಕ್ಕೆ ಕೂತಳು, ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಹಸಿ ಅಚ್ಚನ್ನು ತಂದು, “ಹಿಡಿಯವ್ವ, ಇದು ನಿನ್ನದ” ಎಂದೆ. ಅವಳು ಅದರ ಕಡೆ ನೋಡಲಿಲ್ಲ.

“ಕಾಲಿನ ಸಲುವಾಗಿ ಬಂದಿಲ್ರೀ ನಾ,” ಎಂದಳು. “ಮನೀಗೆ ಬಂದು ಕೈ ಮುಗದ್ರು. ಅಷ್ಟ ದೊಡ್ಡ ಮನಷ್ಯಾ. ನಾ ಒಯ್ರಿ ಅಂದುಬಿಟ್ಟೆ. ಬ್ಯಾಸಗೀ ತುಂಬ ಇವತ್ತ ಹೋಗ್ಲಿ, ನಾಳಿ ಹೋಗ್ಲಿ ಅನಕೋತ ಕುಂತೆ. ಸಿಟ್ಟಿಲ್ರೀ ಸರ್ ನನಗ ಅಂತ ಹೇಳಾಕ ಬಂದಿದ್ದೆ.”

ಅವಳು ಮುಖ ಎತ್ತಿ ನನ್ನನ್ನು ನೋಡಿದಳು.

“ಕಾಲ ಇವತ್ತಿಲ್ಲಾ ನಾಳಿ ಆಗತೈತ್ರಿ. ಅವರಿಗೆ ಇದನ್ನ ಯಾರ ಹೇಳ್ತಾರ್ರೀ?”